ಗಿಟಾರಿಗೆ ಲ್ಯಾಕರ್, ನನಗೆ ಬೈಗುಳ

ಗೆಳೆಯರೇ, ಇವತ್ತು ನಮ್ಮತ್ತೆ ನನ್ನನ್ನು ಬೈದರು! ಮದುವೆಯಾಗಿ ಹನ್ನೊಂದು ವರ್ಷಕ್ಕೆ ಇದೇ ಮೊದಲು.

ಕೊಪ್ಪಳದ ನಮ್ಮ ಮನೆಯ ಮಾಳಿಗೆ ಮೇಲೆ ನನ್ನ ಕಾಲೇಜು ದಿನಗಳ ಎಲೆಕ್ಟ್ರಿಕ್ ಗಿಟಾರಿಗೆ ಕೆಂಪು ಲ್ಯಾಕರ್, ಅಂದರೆ ಹೊಳಪಿನ ಬಣ್ಣ, ಹೊಡೆಯುತ್ತಿದ್ದೆ. ಹಳೇ ಬಣ್ಣ ಕೆರೆಯಲಿಕ್ಕೇ ಹದಿನೈದು ದಿನ ಹಿಡಿದಿತ್ತು. ಮೂರನೇ ಸಲ ಬಣ್ಣ ಹೊಡೆಯುವಾಗ ಆಸೆ ಹೆಚ್ಚಾಗಿ ಸ್ಪ್ರೇ ಡಬ್ಬಿಯನ್ನು ತೀರಾ ಹತ್ತಿರ ಹಿಡಿದೆ. ಬಣ್ಣ ದಪ್ಪಗೆ ಕೂತು ಹನಿಯಾಗಿ ಇಳಿಯತೊಡಗಿತು. ಗಾಬರಿಯಾಗಿ ಅರಿವೆಯಿಂದ ಒರೆಸಲು ಹೋದೆ.

“ಏ ಹುಚ್ಚಪ್ಪ, ಮುಟ್ಟಬ್ಯಾಡೋ! ಒಣಗಲಿ ಬಿಡು!”

ಹಿಂದೆ ನಿಂತಿದ್ದವರು, ನಾಲ್ಕು ದಿನ ಮಗಳ ಮನೆಯಲ್ಲಿರಲು ಬಂದಿದ್ದ ಅತ್ತೆ. ಬಣ್ಣದ ಗೊಂಬೆಗಳಿಗೆ ಹೆಸರಾದ ಕಿನ್ನಾಳದವರು. ಮದುವೆಗೆ ಮುಂಚೆ ತವರಿನಲ್ಲಿ ಕಟ್ಟಿಗೆ ಗೊಂಬೆಗಳಿಗೆ ಬಣ್ಣ ಬಳಿದವರು. ಆದರೆ ನನ್ನ ಜೊತೆ “ಅಳಿಯಾರ, ಊಟಕ್ಕ ಬರ್ರಿ” ಎನ್ನುವುದಕ್ಕಿಂತ ಹೆಚ್ಚು ಮಾತಾಡಿದವರಲ್ಲ.

ಇವತ್ತು ಸಂಜೆತನಕ ನನ್ನ ಪಕ್ಕದಲ್ಲೇ ಕೂತರು. ಹನಿ ಒಣಗಿದ ಮೇಲೆ ಉಪ್ಪು ಕಾಗದದಿಂದ ತಾವೇ ಮೆಲ್ಲಗೆ ಉಜ್ಜಿ ಸಮ ಮಾಡಿದರು. ಮತ್ತೆ ಡಬ್ಬಿ ನನ್ನ ಕೈಗೆ ಕೊಟ್ಟರು.

“ದೂರ ಹಿಡಿಯೋ. ಕೈ ನಿಲ್ಲಿಸಬ್ಯಾಡ. ಹಾಂ, ಈಗ ಭಾಳ ಛಲೋ ಬಂತು ನೋಡು!”

ಸಂಜೆ ಬಿಸಿಲಿಗೆ ಗಿಟಾರು ಫಳಫಳ ಹೊಳೆಯಿತು. ಅವರ ಮುಖವೂ ಅರಳಿತು.

ಅಷ್ಟರಲ್ಲಿ ಹೆಂಡತಿ ಮೇಲೆ ಬಂದಳು. “ಯವ್ವಾ, ಅಳಿಯಗ ಹೋಗೋ ಬಾರೋ ಅನ್ನಾಕತ್ತೀಯಲ್ಲ!”

ಅತ್ತೆ ನಾಲಿಗೆ ಕಚ್ಚಿಕೊಂಡರು. “ತಪ್ಪಾತ್ರಿ ಅಳಿಯಾರ.”

“ಇಲ್ರಿ ಅತ್ತಿ, ಹಂಗ ಅನ್ರಿ. ನಂಗ ಛಲೋ ಅನಸ್ತು,” ಎಂದೆ.

ಮನೆಯ ಹಳೇ ಕುರ್ಚಿಗಳಿಗೂ ಬಣ್ಣ ಹೊಡೆಯುವುದೆಂದು ತೀರ್ಮಾನಿಸಿದ್ದೇನೆ. ಅತ್ತೆ ಊರಿಗೆ ಹೊರಡುವುದರೊಳಗೆ ಇನ್ನೂ ನಾಲ್ಕು ಬೈಗುಳ ಗಿಟ್ಟಿಸಬೇಕಲ್ಲ!