ಅತ್ತೆ ಹಾಕದ ಬರೆ

ಗಿರಿಜಾ, ನಿನ್ನ ಕೂಸಿನ ಎದೆಗೆ ಬರೆ ಹಾಕಿದವಳು ನಾನು. ಅತ್ತೆಯಲ್ಲ.

ನನ್ನ ಮೈದುನನ ಕೈಹಿಡಿದು ಬಂದ ದಿನದಿಂದ ನೀನು ನನ್ನನ್ನು ಅಕ್ಕ ಎಂದೇ ಕರೆದೆ. ಅದಕ್ಕೇ ಹೇಳಲಾಗಲಿಲ್ಲವೇನೋ—ಇಲ್ಲ, ಅದು ನೆಪ.

ಸುತ್ತಲ ಹಳ್ಳಿಯವರು ಉಬ್ಬಸದ ಕೂಸುಗಳನ್ನು ಬರೆ ಹಾಕಿಸಲು ಅತ್ತೆಯ ಬಳಿಗೇ ತರುತ್ತಿದ್ದರು. ನಿನ್ನ ಮಗು ಹಾಲು ಬಿಟ್ಟು ಏದುಸಿರು ಬಿಡುತ್ತಿದ್ದಾಗ ನಾನೂ ಅವರನ್ನೇ ಬೇಡಿದೆ. ಅವರು ಅದರ ಎಡಪಕ್ಕೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತರು.

"ಗುಂಡ್ಗೆ ಈ ಕಡೆ ಬಡ್ಕೊಳ್ತಾನೇ ಇಲ್ಲ ಕಣೇ. ಇದು ಬರೆಗೆ ಹೋಗೋದಲ್ಲ. ತಿಪಟೂರ್‌ಗೆ ಕರ್ಕೊಂಡೋಗಿ."

ಗಾಡಿ ಕಟ್ಟಿಸಲು ಅವರು ಹೊರಗೆ ಹೋದರು. ನೀನು ಬಚ್ಚಲಲ್ಲಿದ್ದೆ. ಕೂಸಿನ ತುಟಿ ನೀಲಿಯಾಗುತ್ತಿತ್ತು—ಗಾಡಿ ಬರುವಷ್ಟರಲ್ಲಿ ಹೋಗಿಬಿಟ್ಟರೆ? ತೆಂಗಿನ ಚಿಪ್ಪಿನ ಕೆಂಡದಲ್ಲಿ ಅರಿಶಿನದ ಕೊಂಬು ಕಾಯಿಸಿ ಎಡಪಕ್ಕೆಗೆ ಒತ್ತಿದೆ. ಅಳುವಷ್ಟು ಉಸಿರೂ ಅದಕ್ಕಿರಲಿಲ್ಲ. ಬಾಯಿ ಮಾತ್ರ ತೆರೆಯಿತು.

ನೀನು ಬಂದು ನೋಡಿದೆ. ಅಷ್ಟರಲ್ಲಿ ಗಾಡಿ ಕಟ್ಟಿಸಿ ಅತ್ತೆಯೂ ಒಳಗೆ ಬಂದರು.

"ಹಳೇ ಚಾಳಿ ಬುಡ್ಲಿಲ್ವಾ ಅತ್ತೆ? ನನ್ ಕೂಸೇ ಬೇಕಿತ್ತಾ ನಿಮ್ಗೆ?"

"ನಾನಲ್ಲ ಕಣವ್ವ, ದೇವ್ರಾಣೆ!"

ಯಾರೂ ನಂಬಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ.

ತಿಪಟೂರಿನಲ್ಲಿ ಎಕ್ಸ್‌ರೇ ತೆಗೆದು ಬೆಂಗಳೂರಿಗೆ ಕಳಿಸಿದರು. ಹುಟ್ಟುವಾಗಲೇ ಎಡ ಶ್ವಾಸಕೋಶದಲ್ಲಿ ಗಾಳಿಗುಳ್ಳೆಗಳ ಗಡ್ಡೆ ಬೆಳೆದು ಹೃದಯವನ್ನು ಬಲಕ್ಕೆ ತಳ್ಳಿದೆ, ತೆಗೆಯಬಹುದು ಎಂದರು ಅಲ್ಲಿನ ಸರ್ಜನ್. ಆದರೆ ಕೊಯ್ಯಬೇಕಾದ ಜಾಗದಲ್ಲೇ ಬರೆ ಕೀವಾಗಿತ್ತು. ಅದು ಮಾಯಲೆಂದು ಕಾದರು. ನಾವು ವಾರ್ಡಿನ ಹೊರಗೆ ಕೂತು, ಒಳಗಿನಿಂದ ಯಾರು ಬಂದರೂ ಅವರ ಮುಖ ನೋಡುತ್ತಿದ್ದೆವು. ಕೊನೆಗೆ ಉಸಿರೇ ಕಾಯಲಿಲ್ಲ—ಹಾಗೆಯೇ ಕೊಯ್ದರು. ಗಡ್ಡೆ ಪೂರ್ತಿ ಬಂತು. ಕೂಸು ಮೊದಲ ಸಲ ನಿರಾಳವಾಗಿ ಉಸಿರಾಡಿದ್ದನ್ನು ನೀನೂ ಕಂಡೆ, ನಾನೂ ಕಂಡೆ. ಆಮೇಲೆ ಜ್ವರ ಏರಿತು. ಕೀವಿನ ನಂಜು ಎದೆಯೊಳಗೆ ಇಳಿದಿತ್ತು.

ಬರೆಯಿಲ್ಲದಿದ್ದರೆ ಬದುಕುತ್ತಿತ್ತೇ ಎಂದು ನಿನ್ನ ಗಂಡ ಕೇಳಿದ. ಸರ್ಜನ್ ಕನ್ನಡಕ ತೆಗೆದು ಒರೆಸಿಕೊಂಡರು.

ನೀನು ಅತ್ತೆಯ ಜೊತೆ ಮತ್ತೆ ಮಾತಾಡಲಿಲ್ಲ. ಅವರು ಹಾಸಿಗೆ ಹಿಡಿದಾಗಲೂ ನೀನು ನಡುಮನೆ ದಾಟಿ ಅವರ ಕೋಣೆಗೆ ಬರಲಿಲ್ಲ. ಒಂದು ದಿನ ಅವರು ನನ್ನ ಕೈ ಹಿಡಿದು, "ನಾನಲ್ಲ ಅಂತ ಗಿರ್ಜಂಗೆ ನೀನಾದ್ರೂ ಹೇಳೇ," ಎಂದರು. ನನ್ನನ್ನೇ ನೋಡುತ್ತಿದ್ದರು—ತಿಳಿದಿತ್ತು ಅವರಿಗೆ. ಹೇಳುತ್ತೇನೆ ಎಂದೆ. ನೀನು ಗೋಡೆಯಾಚೆಯೇ ಇದ್ದೆ. ಹೇಳಲಿಲ್ಲ.

ನಾಳೆ ಅವರಿಗೆ ಎಡೆ ಇಡುವ ದಿನ. ನೀನು ಬರುವುದಿಲ್ಲವೆಂದು ಗೊತ್ತು. ಬಂದವರೆಲ್ಲ ಎಲೆಯ ಮುಂದೆ ಕೂತಾಗ, ಬಡಿಸುವ ಮೊದಲು, ಅವರೆಲ್ಲರೆದುರು ಇದನ್ನೇ ಹೇಳುತ್ತೇನೆ. ನಿನಗೆ ಮೊದಲು ಹೇಳಬೇಕಿತ್ತು.