ಬೆನ್ನಿನ ನೀರು, ಒಳಗಿನ ಸಂಬಂಧ

ಹೋಳಿಗೆಗೆ ಬೇಳೆ ಕುದಿಸಿ ಬಸಿದ ನೀರನ್ನು ನಮ್ಮಲ್ಲಿ ಯಾರೂ ಚೆಲ್ಲುವುದಿಲ್ಲ. ಅದಕ್ಕೆ ಕಟ್ಟು ಅನ್ನುತ್ತೇವೆ. ಸಾರಿನ ರುಚಿಯೆಲ್ಲ ಅದರಲ್ಲೇ. ಬಸವಕಲ್ಯಾಣದ ತವರಿನಲ್ಲಿ ಅವ್ವ ಆ ಕಟ್ಟನ್ನು ಬಚ್ಚಲಿಗೆ ಸುರಿದು, ಖಾಲಿ ಪಾತ್ರೆ ಹಿಡಿದು, "ಇದ್ಯಾಕ ತಗೊಂಡೇನಿ?" ಎಂದು ನನ್ನನ್ನೇ ಕೇಳಿದಾಗ ಅವಳಿಗೆ ಐವತ್ತೂ ತುಂಬಿರಲಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಾನು ಹುಮನಾಬಾದಿನ ಗಂಡನ ಮನೆಯಿಂದ ಹಬ್ಬಕ್ಕೆ ಹೋಗಿದ್ದೆ.

ಅಪ್ಪ ತೀರಿದ ಮೇಲೆ ಆ ಮನೆಯಲ್ಲಿ ನಡೆಯುತ್ತಿದ್ದುದು ಆಯಿಯ ಮಾತು. ಆಯಿ ಅಂದರೆ ಅವ್ವನ ತಾಯಿ. ಕಿರಿಮಗನನ್ನು ಕಟ್ಟಿಕೊಂಡು ಬಂದು ಅಲ್ಲೇ ನೆಲೆಸಿದ್ದಳು. ಆ ಕಿರಿಮಗ ನಮ್ಮ ಸೋದರಮಾವ. ನನ್ನ ತಂಗಿ ತೊಟ್ಟಿಲಲ್ಲಿದ್ದಾಗಲೇ ಅವನಿಗೇ ಕೊಡುವುದೆಂದು ಮಾತಾಡಿಕೊಂಡಿದ್ದರು. ಅಕ್ಕನ ಮಗಳು ತಮ್ಮನ ಹಕ್ಕು ಎನ್ನುವುದು ನಮ್ಮ ಕಡೆ ಯಾರಿಗೂ ವಿಚಿತ್ರವಲ್ಲ. ಆವರೆಗೆ ನನಗೂ ವಿಚಿತ್ರ ಅನಿಸಿರಲಿಲ್ಲ.

ಒಂದು ದಿನ ಅವ್ವ ಬಸ್ ಸ್ಟ್ಯಾಂಡಿನಲ್ಲಿ ಮನೆಯ ದಾರಿ ತಿಳಿಯದೆ ಅಳುತ್ತ ನಿಂತಳು. ನಾನೂ ಮಾಮನೂ ಅವಳನ್ನು ಹೈದರಾಬಾದಿಗೆ ಕರೆದೊಯ್ದೆವು. ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿ, ಬೆನ್ನುಹುರಿಯ ಸುತ್ತಲಿನ ನೀರನ್ನೂ ಒಂದಿಷ್ಟು ತೆಗೆದು ನೋಡಬೇಕು ಅಂದರು.

"ಬೆನ್ನಿನ ನೀರು ತೆಗದ್ರ ಸೊಂಟ ಬೀಳ್ತದಂತ್ರಿ?" ಮಾಮ ಕೇಳಿದ.

ತೆಗೆದಷ್ಟು ಮತ್ತೆ ಊರುತ್ತದೆ ಎಂದು ಡಾಕ್ಟರು ಹಿಂದಿಯಲ್ಲಿ ಸಮಾಧಾನ ಹೇಳಿದರು. ಅವ್ವನನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಸೂಜಿ ಚುಚ್ಚುವ ಹೊತ್ತಿಗೆ ಅವಳು, "ಡಾಕ್ಟ್ರದು ಊಟ ಆಗ್ಯದೇನು ಕೇಳವ್ವ, ಪಾಪ, ಮುಂಜಾನಿಂದ ನಿಂತಾರ" ಅಂದಳು.

ಆ ನೀರನ್ನು ದೂರದ ಲ್ಯಾಬಿಗೆ ಕಳಿಸಬೇಕಿತ್ತು. ವರದಿಗೆ ವಾರಗಟ್ಟಲೆ ಕಾದೆವು. ಕೇಳಲು ನಾನೂ ಮಾಮನೂ ಮಾತ್ರ ಹೋದೆವು. ಅಲ್ಜೈಮರ್ ಅಂದರು ಡಾಕ್ಟರು. ನೀರಿನಲ್ಲಿ ಒಂದು ಪ್ರೋಟೀನು ಕಡಿಮೆ ಇದೆ, ಇನ್ನೊಂದು ಹೆಚ್ಚಿದೆ. ಕಡಿಮೆ ಇದ್ದರೆ ಒಳ್ಳೆಯದಲ್ಲವೇ ಎಂದು ಕೇಳಿದೆ. ಅಲ್ಲವಂತೆ. ಅದು ಮಿದುಳಿನಲ್ಲೇ ಗಟ್ಟಿಯಾಗಿ ಕೂತುಬಿಟ್ಟಿದೆ, ಆದ್ದರಿಂದ ನೀರಿಗೆ ಇಳಿದಿಲ್ಲ. ಹೆಚ್ಚಿರುವುದು ಹಾಳಾಗುತ್ತಿರುವ ನರಗಳಿಂದ ಸೋರಿದ್ದು. ನನಗೆ ಕಟ್ಟು ನೆನಪಾಯಿತು: ಬೇಳೆ ತಳಕ್ಕೆ ಕೂತರೆ ಮೇಲಿನ ತಿಳಿಯಲ್ಲಿ ಏನು ಸಿಕ್ಕೀತು?

ಇಷ್ಟು ಸಣ್ಣ ವಯಸ್ಸಿಗೆ ಮನೆಯಲ್ಲಿ ಇನ್ನಾರಿಗಾದರೂ ಹೀಗಾಗಿತ್ತೇ ಎಂದು ಅವರು ಕೇಳಿದರು. ಇಲ್ಲ ಅನ್ನಲು ಬಾಯಿ ತೆರೆದಿದ್ದೆ. ಮಾಮ ಫ್ಯಾನು ನೋಡುತ್ತ ಅಂದ: "ನಮ್ಮಪ್ಪಗ ಆಗಿತ್ರಿ. ಖೋಲಿಯೊಳಗ ಹಾಕಿ ಚಿಲಕ ಹಾಕ್ತಿದ್ವಿ."

ಮಾಮನ ಅಪ್ಪ, ಅಂದರೆ ನಮ್ಮಜ್ಜ, ಯಾತ್ರೆಗೆ ಹೋಗಿ ತೀರಿಕೊಂಡ ಎಂದೇ ನಮ್ಮನ್ನು ಬೆಳೆಸಿದ್ದರು.

ಡಾಕ್ಟರು ಪೆನ್ನು ಕೆಳಗಿಟ್ಟರು. ಇದು ವಂಶದಲ್ಲಿ ಹರಿಯುವ ಬಗೆಯಿರಬಹುದು. ರಕ್ತದಲ್ಲಿ ಜೀನು ಪರೀಕ್ಷಿಸಿದರೆ ಮಾತ್ರ ಖಾತ್ರಿ, ಅದು ಅವರವರ ಇಷ್ಟ. ಹಾಗಿದ್ದ ಪಕ್ಷದಲ್ಲಿ ಅಜ್ಜನ ಮಕ್ಕಳಿಗೂ ಅವ್ವನ ಮಕ್ಕಳಿಗೂ ಒಬ್ಬೊಬ್ಬರಿಗೆ ಅರ್ಧಕ್ಕರ್ಧ ಸಾಧ್ಯತೆ. ಅಕ್ಕನ ಮಗಳನ್ನು ತಮ್ಮ ಮದುವೆಯಾದರೆ ಎಂದು ಕೇಳಿದೆ. ಅವರು ನಮ್ಮಿಬ್ಬರನ್ನೂ ನೋಡಿ, ಇಬ್ಬರಲ್ಲೂ ಇದ್ದರೆ ಮಕ್ಕಳು ತಪ್ಪಿಸಿಕೊಳ್ಳುವುದು ಕಷ್ಟ ಅಂದರು.

ಬಸ್ಸು ಹುಮನಾಬಾದಿನಲ್ಲಿ ಚಹಾಕ್ಕೆ ನಿಂತಿತು. ಮಾಮ ಗ್ಲಾಸು ತಂದು ಕೊಟ್ಟು, "ನೀ ಇಲ್ಲೇ ಇಳದು ಮನಿಗಿ ಹೋಗು. ಅಲ್ಲಿ ಏನೂ ಹೇಳೋದು ಬ್ಯಾಡ" ಅಂದ. ನಾನು ಇಳಿಯಲಿಲ್ಲ.

ಮರುದಿನವೇ ಮಾಮನ ಜೊತೆ ತಂಗಿಯ ನಿಶ್ಚಯವಿತ್ತು. ನಾವು ಮನೆ ಮುಟ್ಟಿದಾಗ ಆಯಿ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿಯೂ ಅವಳ ಕೈ ನಿಲ್ಲಲಿಲ್ಲ.

"ನನಗೇನು ಗೊತ್ತಿಲ್ಲೇನು? ಗೊತ್ತದ ಅಂತನೇ ಒಳಗ ಕೊಡಾಕತ್ತೇನಿ. ಹೊರಗ ಕೊಟ್ರ ಬೀಗರು ನಾಳಿ ಹುಡುಗಿ ಅವ್ವಗ ಏನಾಗ್ಯದ ಅಂತ ಕೇಳ್ತಾರ. ಒಳಗ ಕೊಟ್ರ ಮಾತು ಒಳಗೇ ಇರ್ತದ. ಖಾನದಾನದ ಇಜ್ಜತ್, ಮನಿತನದ ಮರ್ಯಾದಿ ಉಳೀತದ."

ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಬಿಮಾರಿ ಮುಚ್ಚಿಡಲು ಅದೇ ಬಿಮಾರಿಯ ರಕ್ತಕ್ಕೆ ಹುಡುಗಿಯನ್ನು ಗಂಟು ಹಾಕುವುದು! ಹುಟ್ಟುವ ಕೂಸಿಗೆ ಎರಡೂ ಕಡೆಯಿಂದ ಉಡುಗೊರೆ! ತಾಯಿಯ ವರದಿಯಲ್ಲಿ ಏನಿದೆ ಎಂದು ಮದುಮಗಳಾಗುವವಳಿಗೆ ಮಾತ್ರ ಯಾರೂ ಹೇಳುವಂತಿಲ್ಲ.

"ನಿನಗೂ ಮಕ್ಕಳವ," ಆಯಿ ಅಡಕೊತ್ತು ಕೆಳಗಿಟ್ಟಳು. "ಗಂಡನ ಮನ್ಯಾಗ ಗೊತ್ತಾದ್ರ ಹ್ಯಾಂಗ?"

"ಅಲ್ಲಿ ನಾನೇ ಹೇಳ್ತೀನಿ. ಇಲ್ಲೂ ಹೇಳ್ತೀನಿ."

ಒಳಗೆ ತಂಗಿ ನಾಳಿನ ಹೋಳಿಗೆಗೆ ಬೇಳೆ ಬಸಿಯುತ್ತಿದ್ದಳು. ಒಂದೂ ಬಿಡದೆ ಹೇಳಿದೆ. ಕಟ್ಟಿನ ಪಾತ್ರೆಯನ್ನು ಅವ್ವನ ಕೈಗೆ ಸಿಗದಂತೆ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಅವಳು ಪಡಸಾಲೆಗೆ ಬಂದಳು.

"ಮಾಮಾ, ನಿನಗ ಗೊತ್ತಿತ್ತೇನು?"

ಮಾಮ ಆಯಿಯ ಮುಖ ನೋಡಿದ.

"ಆಯಿಗಿ ಕೇಳಿಲ್ಲ. ನಿನಗ ಕೇಳಾಕತ್ತೇನಿ."

"ಗೊತ್ತಿತ್ತು."

"ಹಂಗಾದ್ರ ಲಗ್ನ ಇಲ್ಲ."

ಆಯಿ ನನ್ನ ಕಡೆ ತಿರುಗಿ, "ಮನಿ ಮುರದಿಯಲ್ಲ ನೀ" ಅಂದಳು. ಅಜ್ಜನ ಖೋಲಿಗೆ ಚಿಲಕ ಹಾಕಿದವಳ ಬಾಯಲ್ಲಿ ಆ ಮಾತು!

ಆ ಕಟ್ಟಿನ ಸಾರನ್ನು ಅಂದೇ ಮಾಡಿ, ತಂಗಿ ಅನ್ನಕ್ಕೆ ಕಲಸಿ ಅವ್ವನಿಗೆ ತುತ್ತು ಕೊಡುತ್ತಿದ್ದಳು. ಅವ್ವ ಬಾಗಿಲಲ್ಲಿ ನಿಂತ ತಮ್ಮನನ್ನು ನೋಡಿ, "ಯಾರದಾರ ಅಂವ? ಉಪಾಸ ಕಾಣ್ತಾನ, ತಾಟ ಇಡು" ಅಂದಳು.

ತಂಗಿ ತಾಟು ಇಟ್ಟಳು. "ಕೂಡು ಮಾಮಾ. ಊಟ ಬ್ಯಾರೆ, ಲಗ್ನ ಬ್ಯಾರೆ."

ಅವನು ಕೂತ. ಆಯಿ ಕೂರಲಿಲ್ಲ. ಸಾಯುವವರೆಗೂ ಅವಳು ನನ್ನನ್ನು ಮಾತಾಡಿಸಲಿಲ್ಲ. ನಾನೂ ಹೋಗಿ ಮಾತಾಡಿಸಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.