ಹದಿನಾರು ಬಾಯಿಯ ಬೋರ್ಡು

ಕಂಪನಿಯಲ್ಲಿ ಎಲ್ಲರೂ ಅವರನ್ನು ಗೆರೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತು, ಸರ್ಕ್ಯೂಟ್ ಬೋರ್ಡಿನ ಮೇಲೆ ತಾಮ್ರದ ಗೆರೆಗಳು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಎಳೆಯುವುದು ಅವರ ಕೆಲಸ. ಈ ಗೆರೆ ಇಲ್ಲೇಕೆ ತಿರುಗಿತು ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೆ ಅರ್ಧ ಗಂಟೆ ಅವರನ್ನು ಬಿಡುತ್ತಿರಲಿಲ್ಲ. ಅಳೆಯಲು ಬಾರದ್ದನ್ನು ಅವರು ನಂಬುತ್ತಲೂ ಇರಲಿಲ್ಲ. ಜ್ವರ ಎಂದು ರಜೆ ಕೇಳಿದವರನ್ನು, ಪಾಪ ಎನ್ನುವ ಮೊದಲು, ಎಷ್ಟು ಎಂದು ಕೇಳುತ್ತಿದ್ದರು.

ಆ ಕಂಪನಿ ಮಾಡುತ್ತಿದ್ದದ್ದು ಹೆಬ್ಬೆರಳಿನಷ್ಟು ಉದ್ದದ ಒಂದು ಸಾಧನ. ಔಷಧಿಯ ಪೆಟ್ಟಿಗೆಯೊಳಗೆ ಕೂತು ಪ್ರಯಾಣ ಮಾಡುತ್ತ, ದಾರಿಯುದ್ದಕ್ಕೂ ಒಳಗೆ ಬಿಸಿ ಎಷ್ಟಿತ್ತು ಎಂದು ಬರೆದಿಟ್ಟುಕೊಳ್ಳುವುದು ಅದರ ಕೆಲಸ. ಅಲ್ಲಿ ಎಲ್ಲರೂ ಅದನ್ನು ಕಡ್ಡಿ ಎನ್ನುತ್ತಿದ್ದರು. ಹೊರಗೆ ಹೋಗುವ ಮುಂಚೆ ಪ್ರತಿಯೊಂದು ಕಡ್ಡಿಯನ್ನೂ ಕಂಪ್ಯೂಟರಿಗೆ ಚುಚ್ಚಿ, ಹಸಿರು ದೀಪ ಹತ್ತಿತೇ ಎಂದು ನೋಡಿ, ಕಿತ್ತು ಪಕ್ಕಕ್ಕಿಡಬೇಕು. ದಿನಕ್ಕೆ ನಾನೂರು. ಒಂಬತ್ತು ವರ್ಷದಿಂದ ಇದನ್ನು ಮಾಡುತ್ತಿದ್ದದ್ದು ಮೇಷ್ಟ್ರ ಹೆಂಡತಿ.

ಓಣಿಯ ಕೊನೆಯಲ್ಲಿ ಆಕೆಯ ಕೋಣೆ. ಒಂದು ಮೇಜು, ಒಂದು ಕಂಪ್ಯೂಟರು, ಒಂದು ಎತ್ತರದ ಸ್ಟೂಲು, ಪಕ್ಕದ ಕಟ್ಟಡದ ಗೋಡೆಯನ್ನು ತೋರಿಸುವ ಕಿಟಕಿ. ನೋಡುವುದಕ್ಕೆ ಏನೂ ಇಲ್ಲ, ಆದರೆ ಅಲ್ಲಿ ಆಕೆಯದೇ ಕೊನೆಯ ಮಾತು. ಆಕೆ ಬೇಡ ಎಂದ ಕಡ್ಡಿ ಮ್ಯಾನೇಜರ್ ಬಂದು ನಿಂತರೂ ಬಾಗಿಲು ದಾಟುತ್ತಿರಲಿಲ್ಲ. ಮನೆಯಲ್ಲಿ ಕೊನೆಯ ಮಾತು ಆಕೆಯ ತಾಯಿಯದು. ಹೀಗಾಗಿ ಆ ಸ್ಟೂಲಿನ ಮೇಲೆ ಆಕೆಗೆ ತುಂಬ ಪ್ರೀತಿ.

ಒಂಬತ್ತನೆಯ ವರ್ಷ ಬಲಗೈಯ ಮಣಿಕಟ್ಟು ನೋಯಲು ಶುರುವಾಯಿತು. ಸಂಜೆ ಮನೆಗೆ ಬಂದರೆ ಲೋಟ ಎತ್ತಲೂ ಎಡಗೈಯೇ ಬೇಕು. ಬಿಸಿನೀರಿನ ಚೀಲವನ್ನು ಮಗಳ ಕೈಗೆ ಒತ್ತುತ್ತ ಅತ್ತೆ ಒಂದು ದಿನ ಅಳಿಯನ ಮೇಲೆ ಹರಿಹಾಯ್ದರು.

"ಅಳಿಯಂದ್ರೇ, ಊರಿಗೆಲ್ಲ ಬೋರ್ಡು ಮಾಡ್ಕೊಡ್ತೀರಿ. ಇವಳ ಕೈಗೆ ಏನಾದ್ರೂ ಒಂದು ಮಾಡಬಾರ್ದಾ?"

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. "ಎಷ್ಟು ನೋಯುತ್ತೆ?"

"ಎಷ್ಟು ಅಂತ ಏನು ಹೇಳ್ಲಿ? ಎಷ್ಟೋ."

ಎಷ್ಟೋ ಎಂಬುದನ್ನು ಎಲ್ಲೂ ಬರೆದುಕೊಳ್ಳಲು ಬರುವುದಿಲ್ಲ. ಆದರೂ ಮೇಷ್ಟ್ರು ಮರುದಿನವೇ ಕೆಲಸ ಶುರು ಮಾಡಿದರು.

ಆ ಕಂಪ್ಯೂಟರಿಗೆ ಕಡ್ಡಿ ಚುಚ್ಚಲು ಇರುವುದು ಒಂದು ಬಾಯಿ, ಬೇಕಾಗಿರುವುದು ಹದಿನಾರು. ಒಂದು ಬಾಯಿಯನ್ನು ನಾಲ್ಕು ಮಾಡುವ ಹಬ್ ಎಂಬ ಚಿಪ್ ಅಂಗಡಿಯಲ್ಲಿ ಸಿಗುತ್ತದೆ. ಮೇಲೆ ಒಂದು ಹಬ್, ಅದರ ನಾಲ್ಕು ಬಾಯಿಗೂ ಕೆಳಗೆ ಒಂದೊಂದು ಹಬ್. ನಾಲ್ಕು ನಾಲ್ಕಲಿ ಹದಿನಾರು. ನಕ್ಷೆಯಲ್ಲಿ ಮೇಲಿನದಕ್ಕೆ ತಾಯಿ ಎಂದೂ ಕೆಳಗಿನವಕ್ಕೆ ಮಕ್ಕಳು ಎಂದೂ ಬರೆದರು. ತಾಯಿಯಿಂದ ಪ್ರತಿ ಮಗುವಿಗೂ ಜೋಡಿ ಗೆರೆ ಹೋಗಬೇಕು, ಎರಡೂ ಒಂದೇ ಉದ್ದ ಇರಬೇಕು. ಒಂದು ಮುಂದೆ ಹೋಗಿ ಇನ್ನೊಂದು ಹಿಂದೆ ಬಿದ್ದರೆ ಕಡ್ಡಿ ಕಂಪ್ಯೂಟರಿಗೆ ಹೇಳುವ ಮಾತು ಕೆಡುತ್ತದೆ. ಇದಕ್ಕೆ ನಾಲ್ಕು ದಿನ ಹಿಡಿಯಿತು. ಬೋರ್ಡಿನ ಮೇಲೊಂದು ತಟ್ಟೆ. ಕಡ್ಡಿಗಳನ್ನು ಅದರಲ್ಲಿ ಮಲಗಿಸಿ ಮುಚ್ಚಳ ಒತ್ತಿದರೆ ಸ್ಪ್ರಿಂಗಿನ ಮೊಳೆಗಳು ತಾವೇ ಹೋಗಿ ತಾಗುತ್ತವೆ. ಹದಿನಾರು ಕಡ್ಡಿಗೆ ಕೈಯಲ್ಲಿ ಚುಚ್ಚಬೇಕಾದ್ದು ಒಂದೇ ಕೇಬಲ್. ನಾನೂರರ ಬದಲು ಇಪ್ಪತ್ತೈದು ಸಲ.

ಇನ್ನು ಉಳಿದದ್ದು ಒಂದು ಸಣ್ಣ ಪ್ರಶ್ನೆ. ಕರೆಂಟು ಬಂದಾಗ ಐದು ಚಿಪ್ಪುಗಳಲ್ಲಿ ಯಾವುದು ಮೊದಲು ಏಳಬೇಕು? ಪ್ರತಿ ಚಿಪ್ಪಿನ ಕಾಲಿಗೆ ಸಾಸಿವೆ ಗಾತ್ರದ ಒಂದು ಕೆಪಾಸಿಟರ್ ಇರುತ್ತದೆ. ಅದು ದೊಡ್ಡದಾದಷ್ಟೂ ಚಿಪ್ ತಡವಾಗಿ ಏಳುತ್ತದೆ. ಮೇಷ್ಟ್ರು ಯೋಚನೆಯನ್ನೇ ಮಾಡಲಿಲ್ಲ. ತಾಯಿಗೆ ಎಲ್ಲಕ್ಕಿಂತ ಸಣ್ಣದನ್ನು ಹಾಕಿದರು. ಅವರು ಕಂಡ ಮನೆಗಳಲ್ಲೆಲ್ಲ ಮೊದಲು ಏಳುವವಳು ತಾಯಿಯೇ. ಇಪ್ಪತ್ತೆರಡು ವರ್ಷದಲ್ಲಿ ಅವರು ಲೆಕ್ಕ ಹಾಕದೆ ಇಟ್ಟ ಒಂದೇ ಒಂದು ವಸ್ತು ಅದು.

ಮ್ಯಾನೇಜರ್ ನಕ್ಷೆ ನೋಡಿ ಖುಷಿಯಿಂದ ಸಹಿ ಹಾಕಿದರು. "ಭೇಷ್ ಮೇಷ್ಟ್ರೇ! ಇನ್ಮೇಲೆ ಟೆಸ್ಟಿಂಗಿಗೆ ಅಂತ ಒಬ್ರು ಬೇಕಾಗಿಲ್ಲ. ಸ್ಟೋರಿನವನೇ ಆಗಾಗ ಬಂದು ಚುಚ್ಚಿ ಹೋಗ್ತಾನೆ. ಮೇಡಮ್ಮಿಗೂ ಪೂರ್ತಿ ರೆಸ್ಟು."

ಮೇಷ್ಟ್ರು ಥ್ಯಾಂಕ್ಸ್ ಎಂದು ಹೊರಗೆ ಬಂದರು. ಆ ಮಾತಿನ ಅರ್ಥ ಅವರಿಗೆ ಆದದ್ದು ಮೆಟ್ಟಿಲಿನ ಹತ್ತಿರ. ಕಂಬಿ ಹಿಡಿದುಕೊಂಡು ಅಲ್ಲೇ ನಿಂತರು. ಹೆಂಡತಿಯ ಕೈ ಉಳಿಸಲು ಹೋಗಿ ಹೆಂಡತಿಯ ಕೆಲಸಕ್ಕೇ ಕಲ್ಲು ಹಾಕಿದ್ದರು. ಮನೆಯಲ್ಲಿ ಹೇಳಲು ನಾಲಿಗೆ ಹೊರಳಲಿಲ್ಲ. ಮೂರು ವಾರ ತಲೆ ತಗ್ಗಿಸಿಕೊಂಡು ಊಟ ಮಾಡಿದರು.

ಬೋರ್ಡು ಬಂತು. ಓಣಿಯ ಕೊನೆಯ ಕೋಣೆಯಲ್ಲಿ ಮ್ಯಾನೇಜರ್, ಸ್ಟೋರಿನವನು, ಮೇಷ್ಟ್ರು ಸೇರಿದರು. ಹೆಂಡತಿ ತನ್ನ ಸ್ಟೂಲಿನ ಮೇಲೇ ಇದ್ದಳು. ಮ್ಯಾನೇಜರ್ ಉದ್ಘಾಟನೆಯ ಗತ್ತಿನಲ್ಲಿ ಕೇಬಲ್ ಚುಚ್ಚಿದರು. ಎಂಟು ದೀಪ ಹತ್ತಿದವು. ಕೊನೆಯ ಎರಡು ಮಕ್ಕಳ ಎಂಟು ದೀಪ ಹತ್ತಲಿಲ್ಲ. ಸ್ಟೋರಿನವನು ಚುಚ್ಚಿದ, ಎಂಟು. ಮೇಷ್ಟ್ರು ಚುಚ್ಚಿದರು, ಎಂಟು. ಅವರ ಮುಖ ಸಪ್ಪೆಯಾಯಿತು.

"ಕೊಡಿ ಇಲ್ಲಿ," ಎಂದು ಹೆಂಡತಿ ಕೇಬಲ್ ತೆಗೆದುಕೊಂಡು ಚುಚ್ಚಿದಳು. ಹದಿನಾರು.

ಮ್ಯಾನೇಜರ್ ಚಪ್ಪಾಳೆ ತಟ್ಟಿ, ಕಿತ್ತು, ಮತ್ತೆ ತಾವೇ ಚುಚ್ಚಿದರು. ಎಂಟು. ಆಕೆ ಚುಚ್ಚಿದಳು. ಹದಿನಾರು. ಹೀಗೆ ಹತ್ತು ಸಲ ನಡೆಯಿತು.

"ಇದೇನ್ರೀ ಮೇಷ್ಟ್ರೇ, ಬೋರ್ಡೂ ಮುಖ ನೋಡಿ ಮಣೆ ಹಾಕುತ್ತಾ? ನಾಳೆ ಬೆಳಿಗ್ಗೆ ಕಾರಣ ಹೇಳಿ, ಫಾರಂ ತುಂಬಬೇಕು."

ಸಂಜೆ ಮೇಷ್ಟ್ರು ಒಂದು ಕೇಬಲ್, ಒಂದು ಸಾಕೆಟ್ ಮನೆಗೆ ತಂದು ಹೆಂಡತಿಯ ಮುಂದಿಟ್ಟರು. "ಹೇಗೆ ಚುಚ್ತೀಯ, ತೋರ್ಸು."

ಆಕೆ ಚುಚ್ಚಿದಳು. ಅರ್ಧ ಒಳಗೆ ಹೋಗಿ ಕೈ ನಿಂತಿತು. ಆಮೇಲೆ ಪೂರ್ತಿ ಹೋಯಿತು.

"ನಡುವೆ ಯಾಕೆ ನಿಲ್ಸಿದೆ?"

"ನಿಲ್ಸಿದ್ನಾ?" ಆಕೆ ಇನ್ನೊಮ್ಮೆ ಚುಚ್ಚಿ ನೋಡಿಕೊಂಡಳು. "ಹೂಂ. ಅಲ್ಲಿ ನೋಯುತ್ತಲ್ರೀ. ಒಂಚೂರು ಸುಧಾರಿಸ್ಕೊಂಡು ಆಮೇಲೆ ತಳ್ತೀನಿ."

ಮೇಷ್ಟ್ರಿಗೆ ಎಲ್ಲ ಅರ್ಥವಾಗಿಹೋಯಿತು, ಅಲ್ಲೇ ಬಿಡಿಸಿ ಹೇಳಿದರು. ಆ ಕೇಬಲ್ಲಿನ ಮೂತಿಯೊಳಗೆ ನಾಲ್ಕು ಪಟ್ಟಿಗಳಿವೆ. ಅಂಚಿನ ಎರಡು ಉದ್ದ, ಅವು ಕರೆಂಟು ತರುತ್ತವೆ. ನಡುವಿನ ಎರಡು ಗಿಡ್ಡ, ಅವು ಮಾತು ತರುತ್ತವೆ. ಅರ್ಧಕ್ಕೆ ನಿಂತರೆ ಕರೆಂಟು ಮಾತ್ರ ಒಳಗೆ ಹೋಗುತ್ತದೆ, ಮಾತು ಬರುವಷ್ಟರಲ್ಲಿ ಐದೂ ಚಿಪ್ಪುಗಳು ಎದ್ದು ಕೂತಿರುತ್ತವೆ. ಒಂದೇ ಸಲಕ್ಕೆ ತಳ್ಳಿದರೆ ತಾಯಿ ಮೊದಲು ಎದ್ದು, ಕಂಪ್ಯೂಟರಿನ ಜೊತೆ ಮಾತಿಗೆ ಕೂತು, ಇದ್ದ ಕರೆಂಟನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಕೊನೆಯ ಎರಡು ಮಕ್ಕಳು ಅರ್ಧ ಎಚ್ಚರದಲ್ಲೇ ಸಿಕ್ಕಿಬೀಳುತ್ತವೆ.

ಇದನ್ನೆಲ್ಲ ಕೇಳಿದ ಅತ್ತೆ, "ಮಕ್ಳು ಏಳೋಕ್ಮುಂಚೆ ತಾಯಿ ಹರಟೆಗೆ ಕೂತ್ರೆ ಇನ್ನೇನಾಗುತ್ತೆ?" ಎಂದರು.

ಮೇಷ್ಟ್ರು ಸ್ಟಾಪ್‌ವಾಚ್ ತಂದು ಆಕೆಯಿಂದ ಇಪ್ಪತ್ತು ಸಲ ಚುಚ್ಚಿಸಿದರು. ಸರಾಸರಿ ಅರ್ಧ ಸೆಕೆಂಡು. ಹೆಂಡತಿಯ ನೋವಿಗೆ ಕೊನೆಗೂ ಒಂದು ಅಳತೆ ಸಿಕ್ಕಿತು. ದಿನಕ್ಕೆ ನಾನೂರು ಸಲ ಅರ್ಧರ್ಧ ಸೆಕೆಂಡು ಎಂದು ಮನಸ್ಸಿನಲ್ಲೇ ಗುಣಿಸಿದರು. ಅವರಿಗೆ ಅಳು ಬಂತು.

"ಸರಿ ಮಾಡೋದು ಸುಲಭ," ಎಂದರು ಸ್ಟಾಪ್‌ವಾಚ್ ಪಕ್ಕಕ್ಕಿಟ್ಟು. "ತಾಯಿಗೆ ದೊಡ್ಡ ಕೆಪಾಸಿಟರ್ ಹಾಕಿದ್ರೆ ಆಯ್ತು, ಅದೇ ಕೊನೆಗೆ ಏಳುತ್ತೆ. ಹತ್ತು ನಿಮಿಷದ ಕೆಲಸ. ಆಮೇಲೆ ಯಾರು ಚುಚ್ಚಿದ್ರೂ ಹದಿನಾರೂ ಹತ್ತುತ್ತೆ."

"ಸ್ಟೋರಿನವ್ನು ಚುಚ್ಚಿದ್ರೂ?"

ಮೇಷ್ಟ್ರು ತಲೆ ಎತ್ತಿದರು. "ನಿಂಗ್ಯಾರು ಹೇಳಿದ್ರು?"

"ಅವ್ನೇ. ಸ್ಟೂಲು ತನಗೆ ಎತ್ತರ ಆಗುತ್ತೆ, ಕಾಲು ಕುಯ್ಸಬಹುದಾ ಅಂತ ಕೇಳೋಕೆ ಬಂದಿದ್ದ." ಆಕೆ ಕೇಬಲ್ ಸುತ್ತಿ ಗಂಡನ ಕೈಗೆ ಕೊಟ್ಟಳು. "ನಾನೇನೂ ಹೇಳಲ್ಲಪ್ಪ. ನಿಮ್ಮ ಬೋರ್ಡು, ನಿಮ್ಮಿಷ್ಟ."

ಮರುದಿನ ಬೆಳಿಗ್ಗೆ ಮೇಷ್ಟ್ರು ಮ್ಯಾನೇಜರ್ ಎದುರು ನಿಂತರು. ಅಂಗಿಯ ಜೇಬಿನಲ್ಲಿ ಪುಟ್ಟ ಪೊಟ್ಟಣ, ಅದರಲ್ಲಿ ದೊಡ್ಡ ಕೆಪಾಸಿಟರ್. ಮ್ಯಾನೇಜರ್ ಪೆನ್ನು ತೆಗೆದರು. "ಹೇಳಿ, ಕಾರಣ?"

ಮೇಷ್ಟ್ರು ಪೊಟ್ಟಣವನ್ನು ಜೇಬಿನ ತಳಕ್ಕೆ ಒತ್ತಿದರು. "ಕೈಗುಣ ಸರ್."

ಮ್ಯಾನೇಜರ್ ಕನ್ನಡಕ ತೆಗೆದು ನೋಡಿದರು. ಬೇರೆ ಯಾರು ಹೇಳಿದ್ದರೂ ಬೈದು ಹೊರಗೆ ಕಳಿಸುತ್ತಿದ್ದರು. ಹೇಳಿದವರು ಜ್ವರಕ್ಕೂ ಅಳತೆ ಕೇಳುವ ಮೇಷ್ಟ್ರು. ಮ್ಯಾನೇಜರ್ ಫಾರಮಿನಲ್ಲಿ ಕೈಗುಣ ಎಂದು ದುಂಡಗೆ ಬರೆದು, ಪಕ್ಕದ ಕಾಲಮ್ಮಿಗೆ ಹೋದರು. "ಪರಿಹಾರ?"

"ಆ ಕೈಯನ್ನೇ ಇಟ್ಕೊಳ್ಳೋದು."

ಅದನ್ನೂ ಬರೆದರು. ಮೇಷ್ಟ್ರು ನಾಚಿಕೆಯಿಂದ ಕುಗ್ಗಿದರು. ಅಷ್ಟೇ ಸಂತೋಷವೂ ಆಗಿತ್ತು, ಅದನ್ನು ಯಾರಿಗೂ ತೋರಿಸಲಿಲ್ಲ.

ಎರಡು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಒಂದು ಸಂಜೆ ಹೆಂಡತಿ ಚಪ್ಪಲಿ ಬಿಡದೆ ನೇರ ಒಳಗೆ ಬಂದಳು.

"ರೀ, ಇವತ್ತು ಎರಡು ಸಲ ಎಂಟೇ ಹತ್ತಿತು. ಪುಣ್ಯಕ್ಕೆ ಯಾರೂ ಇರ್ಲಿಲ್ಲ."

"ಯಾಕೆ? ಏನಾಯ್ತು?"

"ಕೈ ನೋಯ್ತಾನೇ ಇಲ್ಲ. ಮೂರು ದಿನ ಆಯ್ತು."

ಖುಷಿಪಡಬೇಕೋ ಬೇಡವೋ ಎಂದು ಇಬ್ಬರಿಗೂ ತಿಳಿಯಲಿಲ್ಲ. ಮೇಷ್ಟ್ರು ಆ ಕೈಯನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಿಜ, ಎಲ್ಲೂ ನೋವಿಲ್ಲ. ಆಮೇಲೆ ಎದ್ದು ಕೇಬಲ್, ಸಾಕೆಟ್, ಸ್ಟಾಪ್‌ವಾಚ್ ತಂದು ಮೇಜಿನ ಮೇಲಿಟ್ಟು, ಆಕೆಯನ್ನು ಎದುರಿಗೆ ಕೂರಿಸಿಕೊಂಡರು.

ಆಕೆ ನಡುವೆ ಬೇಕೆಂದೇ ನಿಲ್ಲಿಸಿ ಚುಚ್ಚಿದಳು. ಮೇಷ್ಟ್ರು ಗಡಿಯಾರ ನೋಡಿ ತಲೆ ಅಲ್ಲಾಡಿಸಿದರು.

"ಊಹೂಂ," ಎಂದರು. "ಇನ್ನೂ ಸ್ವಲ್ಪ ನೋಯ್ಬೇಕು."